ಮಾಬ್ಲನ ತಿರುವು

ಹೆಸರಿನ ವಿಷಯದಲ್ಲಿ ನಾನು ಜಂಬದ ಮನುಷ್ಯ. ಇದನ್ನು ನನ್ನ ಹೆಂಡತಿಯ ಬಾಯಿಂದ ನೀವು ಕೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಹೆಸರು ಉಳಿಯಬೇಕೆಂಬ ಆಸೆ ಯಾರಿಗಿಲ್ಲ ಹೇಳಿ? ಕೆಲವರು ಶಾಲೆಗೆ ಫ್ಯಾನು ಕೊಟ್ಟು ಅದರ ರೆಕ್ಕೆಗಳ ಮೇಲೆಲ್ಲ ತಮ್ಮ ಹೆಸರು ಬರೆಸುತ್ತಾರೆ. ಫ್ಯಾನು ತಿರುಗುವಾಗ ಹೆಸರು ಕಾಣುವುದಿಲ್ಲ, ಹೆಸರು ಕಾಣಬೇಕಾದರೆ ಕರೆಂಟು ಹೋಗಬೇಕು. ಇನ್ನು ಕೆಲವರು ದೇವಸ್ಥಾನದ ಮೆಟ್ಟಿಲಿನ ಮೇಲೆ ಕೆತ್ತಿಸಿ, ಬಂದವರೆಲ್ಲರ ಕಾಲಡಿಗೆ ಸಿಗುತ್ತಾರೆ. ನಮ್ಮ ಮನೆತನಕ್ಕೆ ಅಂಥ ಖರ್ಚೇ ಬೀಳಲಿಲ್ಲ. ನಮ್ಮ ಹೆಸರು ನೇರವಾಗಿ ನೆಲದ ಮೇಲೇ ಇದೆ, ಅದೂ ಎರಡು ಕಡೆ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಹೆಸರಿಗೆ ಮೊದಲಿನಿಂದಲೂ ಬರ. ಅಜ್ಜನ ಹೆಸರನ್ನು ಹಿರಿಯ ಮೊಮ್ಮಗನಿಗೆ ಇಡುವುದು ರೂಢಿ, ಹಾಗಾಗಿ ಹೊಸ ಹೆಸರು ಹುಡುಕುವ ಕಷ್ಟ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು 'ಗಣಪತೀ' ಎಂದು ಕೂಗಿ ನೋಡಿ, ಅರ್ಧ ಬಸ್ಸು ತಿರುಗಿ ನೋಡುತ್ತದೆ. 'ಮಾಬ್ಲಾ' ಎಂದರೆ ಉಳಿದರ್ಧ. ನಾನು ಆ ಉಳಿದರ್ಧಕ್ಕೆ ಸೇರಿದವನು. ಗೋಕರ್ಣದ ದೇವರು ಮಹಾಬಲೇಶ್ವರ, ಅವನ ಹೆಸರು ಅಜ್ಜನಿಗೆ ಬಂತು, ಅಜ್ಜನದು ನನಗೆ ಬಂತು, ಬರುವ ದಾರಿಯಲ್ಲಿ ಸವೆದು ಮಾಬ್ಲ ಆಯಿತು. ಊರುಗಳ ಪಾಡೂ ಇದೇ. ನಮ್ಮೂರು ಹೊಸಗದ್ದೆ. ಯಾರೋ ಎಂದೋ ಹೊಸದಾಗಿ ಗದ್ದೆ ಮಾಡಿದ ಕಡೆಯಲ್ಲೆಲ್ಲ ಒಂದೊಂದು ಹೊಸಗದ್ದೆ ಹುಟ್ಟಿಕೊಂಡಿರುವುದರಿಂದ, ಹೊಸಗದ್ದೆಯ ಮಾಬ್ಲೇಶ್ವರ ಹೆಗಡೆ ಎಂದರೆ ಪೋಸ್ಟಿನವನೂ ಒಮ್ಮೆ ನಿಂತು ಯೋಚಿಸುತ್ತಾನೆ.

ಆದರೆ ಗುಡ್ಡ, ಹೊಳೆ, ಬಂಡೆಗೆ ಹೆಸರಿಡುವಾಗ ಮಾತ್ರ ನಮ್ಮವರು ಬಹಳ ಚುರುಕು. ಒಬ್ಬನಿಗೆ ಒಂದು ಕಡೆ ಏನಾದರೂ ಆಗಬೇಕು, ಅಷ್ಟೆ. ಭಾಗೀರಥಕ್ಕ ಏದುಸಿರು ಬಿಟ್ಟು ಕೂತ ಏರು ಭಾಗೀರಥಿ ಏರು ಆಗುತ್ತದೆ. ನೆಟ್ಟಗೆ ಬದುಕಿ, ನೆಟ್ಟಗೆ ನಡೆದು, ಎಲ್ಲೂ ಎಡವದೆ ತೀರಿಕೊಂಡವನ ಹೆಸರಿನಲ್ಲಿ ಒಂದು ಕಲ್ಲೂ ಇರುವುದಿಲ್ಲ. ನಮ್ಮ ಮನೆಯ ಕೆಳಗಿನ ಹಳ್ಳದಲ್ಲಿ ನೀರು ಸುತ್ತಿ ನಿಲ್ಲುವ ಒಂದು ಆಳದ ಮಡುವಿದೆ. ಅದರ ಹೆಸರು ಮಾಬ್ಲನ ಗುಂಡಿ. ಅಲ್ಲಿ ನನ್ನ ಅಜ್ಜ ಮಳೆಗಾಲದ ಕೆನ್ನೀರಿಗೆ ಹಾರಿ, ಕೊಚ್ಚಿಹೋಗುತ್ತಿದ್ದ ಕರುವೊಂದನ್ನು ಹೆಗಲ ಮೇಲೆ ಹೊತ್ತು ತಂದನಂತೆ. ಈ ಕಥೆಯನ್ನು ನಾನು ಶಿರಸಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಷ್ಟು ವರ್ಷವೂ ಮಕ್ಕಳಿಗೆ ಹೇಳಿದ್ದೇನೆ. ನದಿಗಳ ಪಾಠ ಎಲ್ಲಿ ಶುರುವಾದರೂ ಕೊನೆಗೆ ಅಜ್ಜನ ಗುಂಡಿಗೇ ಬಂದು ಸೇರುತ್ತಿತ್ತು.

ಕಥೆಯನ್ನು ನಂಬದವಳು ಒಬ್ಬಳೇ. ನನ್ನ ಹೆಂಡತಿ ಯಲ್ಲಾಪುರದ ಕಡೆಯ ನಂದೊಳ್ಳಿಯವಳು, ಹೆಸರು ಶರಾವತಿ. "ಕರುವಿಗಾದ್ರೆ ಹುಟ್ಟಾ ಈಜು ಬತ್ತು. ನಿಂಗಳ ಅಜ್ಜಂಗೆ ಬತ್ತಿತ್ತಾ?" ಎಂದು ಮದುವೆಯಾದ ಹೊಸದರಲ್ಲೇ ಕೇಳಿದ್ದಳು. ಅಜ್ಜ ಈಜಿದ್ದನ್ನು ಕಂಡವರು ಯಾರೂ ಉಳಿದಿರಲಿಲ್ಲ, ಆದ್ದರಿಂದ ಸಿಟ್ಟು ಮಾಡಿಕೊಂಡೆ. ಅವಳಿಗೇನು, ಇಡೀ ಒಂದು ಹೊಳೆಯೇ ಅವಳ ಹೆಸರಿನಲ್ಲಿದೆ, ಜೋಗವೂ ಸೇರಿ. "ನನ್ನ ಹೆಸರಿನ ಹೊಳೆ ಊರಿಗೆಲ್ಲ ಕರೆಂಟು ಕೊಡ್ತು. ನಿಂಗಳ ಗುಂಡಿ ಎಂತ ಕೊಡ್ತು, ಕಪ್ಪೆಯಾ?" ಎನ್ನುತ್ತಿದ್ದಳು. ಕರೆಂಟು ಹೋದ ದಿನವೆಲ್ಲ ನಾನು ಆ ಮಾತಿಗೆ ಸೇಡು ತೀರಿಸಿಕೊಂಡಿದ್ದೇನೆ. ಅಲ್ಲದೆ ನನ್ನ ವಾದ ಬೇರೆಯೇ. "ಹೊಳೆ ಹೆಸ್ರು ನಿಂಗೆ ಬಂದಿದ್ದು. ನಿನ್ನ ಹೆಸ್ರು ಹೊಳೆಗೆ ಬಂದಿದ್ದಲ್ಲ. ನಮ್ಮನೆ ಕಥೆ ಹಾಂಗಲ್ಲ" ಎಂದು ನಾನು ಹೇಳುತ್ತಿದ್ದೆ. ಅವಳು ಒಗ್ಗರಣೆಯ ಸದ್ದನ್ನು ಸ್ವಲ್ಪ ಜೋರು ಮಾಡುತ್ತಿದ್ದಳು.

ಇನ್ನು ಎರಡನೆಯ ಹೆಸರಿನ ಸಂಗತಿ. ತೊಂಬತ್ತರ ದಶಕದ ನಡುವೆ ನಾನು ಒಂದು ಸ್ಕೂಟರು ಕೊಂಡೆ. ಒಂದು ದಿನ ಬೆಳಿಗ್ಗೆ ಹೆಡ್ಮಾಸ್ತರರಿಗೆ ಕೊಡೋಣವೆಂದು ಭರ್ಜರಿ ಬಕ್ಕೆ ಹಲಸಿನ ಹಣ್ಣೊಂದನ್ನು ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು ಹೊರಟೆ. ನಮ್ಮೂರ ದಾರಿ ಶಿರಸಿ-ಸಿದ್ದಾಪುರ ರಸ್ತೆಗೆ ಸೇರುವಲ್ಲಿ ಒಂದು ಕಡಿದಾದ ತಿರುವಿತ್ತು. ನಾನು ತಿರುಗಿದೆ, ಸ್ಕೂಟರೂ ತಿರುಗಿತು, ಹಲಸಿನ ಹಣ್ಣು ಮಾತ್ರ ನೇರ ಹೋಗಬೇಕೆಂದು ಹಟ ಹಿಡಿಯಿತು. ಅದನ್ನು ಕಾಲಿನಿಂದ ತಡೆಯಲು ಹೋಗಿ ನಾನು, ಸ್ಕೂಟರು, ಹಣ್ಣು ಮೂವರೂ ಚರಂಡಿ ಸೇರಿದೆವು. ಹೊತ್ತು ಎಂಥದ್ದು ನೋಡಿ, ಅದೇ ಕ್ಷಣಕ್ಕೆ ಶಿರಸಿಯ ಖಾದರ್ ಸಾಬರ ಟೆಂಪೋ ಹಿಂದಿನಿಂದ ಬಂತು. ಅದರ ತುಂಬ ನಮ್ಮ ಊರವರೇ. ಎಲ್ಲರೂ ಇಳಿದರು, ನನ್ನನ್ನು ಎತ್ತಿ ಕೂರಿಸಿದರು, ಮೊಣಕೈಯ ತರಚುಗಾಯಕ್ಕೆ ಅಯ್ಯೋ ಪಾಪ ಎಂದರು. ಆಮೇಲೆ ಒಡೆದ ಹಣ್ಣಿನ ಸುತ್ತ ಕೂತು ಸೊಳೆ ಬಿಡಿಸತೊಡಗಿದರು. "ಒಳ್ಳೆ ರುಚಿ ಇದ್ದು ಮಾಸ್ತರ್ರೇ, ಬೀಜ ಇಟ್ಕಳಿ" ಎಂದು ಒಬ್ಬರು ಕೈಗೂ ಕೊಟ್ಟರು.

ಅದೇ ವಾರ ಖಾದರ್ ಸಾಬರು ಅಲ್ಲಿ ಗಾಡಿ ನಿಧಾನ ಮಾಡಿ "ಮಾಬ್ಲನ ತಿರುವು, ಯಾರ್ರೀ ಇಳಿಯೋರು?" ಎಂದು ಕೂಗಿದ್ದನ್ನು ನಾನು ಸ್ವಂತ ಕಿವಿಯಿಂದ ಕೇಳಿದೆ. ಮಳೆಗಾಲ ಮುಗಿಯುವುದರೊಳಗೆ ಸರ್ಕಾರಿ ಬಸ್ಸಿನ ಕಂಡಕ್ಟರೂ ಅದನ್ನೇ ಹಿಡಿದರು. ಮಾನ ಹರಾಜಾಯಿತು ಎಂದು ನಾನು ಕುದಿದೆ. ಬಿದ್ದದ್ದಕ್ಕಲ್ಲ, ಮರ್ಯಾದೆ ಬಿಟ್ಟು ಕೂಗುತ್ತಿದ್ದುದಕ್ಕೆ. ಶಿರಸಿಯಲ್ಲಿ ಯಾರೂ ನನ್ನನ್ನು 'ಸರ್' ಎನ್ನದೆ ಮಾತಾಡಿಸುತ್ತಿರಲಿಲ್ಲ, ಇಲ್ಲಿ ನೋಡಿದರೆ ಮಾಬ್ಲನಂತೆ! ಕೊನೆಗೆ ಖಾದರ್ ಸಾಬರನ್ನೇ ತಡೆದು, ಕೂಗುವುದೇ ಆದರೆ 'ಮಹಾಬಲೇಶ್ವರ ಮಾಸ್ತರರ ತಿರುವು' ಎಂದಾದರೂ ಕೂಗಿ ಎಂದೆ. ಅವರು ಎದೆಯ ಮೇಲೆ ಕೈಯಿಟ್ಟು ವಿನಯದಿಂದಲೇ ಹೇಳಿದರು: "ನಿಮ್ಮ ಮೇಲೆ ಗೌರವ ಇಲ್ಲಾಂತಲ್ಲ ಸರ. ಅಷ್ಟುದ್ದ ಕೂಗಿ ಮುಗಿಸೋದ್ರೊಳಗೆ ಗಾಡಿ ಸಿದ್ದಾಪುರ ಮುಟ್ಟಿರ್ತದೆ!" ಅಂದಿನಿಂದ ನಾನು ಆ ಹೆಸರನ್ನು ಬಾಯಿಂದ ಆಡುವುದಿಲ್ಲವೆಂದು ತೀರ್ಮಾನಿಸಿದೆ. ಸ್ಕೂಟರು ರಿಪೇರಿಗೆ ಹೋದಾಗ ಮುಂದಿನ ಸ್ಟಾಪಿಗೆ ಟಿಕೆಟು ತೆಗೆದು, ಅಲ್ಲಿಂದ ಹಿಂದಕ್ಕೆ ನಡೆದು ಬರುತ್ತಿದ್ದೆ.

ಹೀಗೆ ಕೆಲವು ವರ್ಷ ಹೋಯಿತು. ಮಗಳ ಮದುವೆ ನಿಶ್ಚಯವಾಯಿತು, ಗಂಡಿನವರು ನಂದೊಳ್ಳಿಯ ಹತ್ತಿರದವರೇ. ಹೆಣ್ಣು ನೋಡುವುದು, ಮಾತುಕತೆ ಎಲ್ಲ ನನ್ನ ಮಾವನ ಮನೆಯಲ್ಲಿ ಮುಗಿದದ್ದರಿಂದ ಅವರು ನಮ್ಮ ಊರು ನೋಡಿರಲಿಲ್ಲ. ಕರೆಯೋಲೆಯಲ್ಲಿ ದಾರಿ ಬರೆಯಬೇಕಲ್ಲ? "ಮಾಬ್ಲನ ತಿರುವು ಹೇಳಿ ಹಾಕ್ಸಿ, ಎಲ್ಲರಿಗೂ ಗೊತ್ತಿದ್ದು" ಎಂದಳು ಶರಾವತಿ. ಮಗಳ ಕರೆಯೋಲೆಯಲ್ಲಿ ಅಪ್ಪ ಬಿದ್ದ ಜಾಗವನ್ನು ಅಚ್ಚು ಹಾಕಿಸುವುದೇ? ನನ್ನ ತಲೆಗೆ ಒಂದು ಯೋಚನೆ ಹೊಳೆಯಿತು. ಹೆಸರೂ ಉಳಿಯಬೇಕು, ಗೌರವವೂ ಇರಬೇಕು. 'ಶ್ರೀ ಮಹಾಬಲೇಶ್ವರ ವೃತ್ತದಲ್ಲಿ ಇಳಿಯುವುದು' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಅಚ್ಚಾಗಿ ಬಂದಾಗ ಎಷ್ಟು ಚೆನ್ನಾಗಿ ಕಾಣಿಸಿತೆಂದರೆ, ಅದನ್ನೇ ನಾಲ್ಕು ಸಲ ಓದಿಕೊಂಡೆ.

ಮದುವೆಯ ದಿನ ಚಪ್ಪರದಲ್ಲಿ ಎಲ್ಲ ಸಿದ್ಧ, ದಿಬ್ಬಣ ಇಲ್ಲ. ಪುರೋಹಿತರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಅಡಿಗೆಯವರು ಬಂದವರ ದಣಿವಾರಿಸುವ ಆಸರಿಗೆಯ ಪಾನಕವನ್ನು ಎರಡು ಸಲ ಕದಡಿದರು. ಮಗಳು ಒಳಗಿನ ಕೋಣೆಯಲ್ಲಿ ಹೂವಿನ ದಂಡೆ ಮುಡಿದು ಕೂತವಳು ಬಾಗಿಲ ಸಂದಿಯಿಂದ ನನ್ನ ಕಡೆ ಒಮ್ಮೆ ನೋಡಿದಳು. ಮುಹೂರ್ತ ತಪ್ಪಿದರೆ ಅವಳ ಮುಖವನ್ನು ಹೇಗೆ ನೋಡಲಿ? "ಆ ವೃತ್ತ ಎಲ್ಲಿದ್ದು ಹೇಳಿ ಯಂಗೇ ಗೊತ್ತಿಲ್ಲೆ, ಪಾಪ ಅವಕ್ಕೆ ಹೆಂಗೆ ಗೊತ್ತಾಗ್ತು?" ಎಂದಳು ಶರಾವತಿ, ಕಣ್ಣಲ್ಲಿ ನೀರು ತುಂಬಿಕೊಂಡು. "ಕೂಸಿನ ಮುಹೂರ್ತ ದೊಡ್ಡದಾ, ನಿಂಗಳ ಮರ್ಯಾದೆ ದೊಡ್ಡದಾ? ಮೊದ್ಲು ಹೋಗಿ ರಸ್ತೆ ಮೇಲೆ ನಿಂತ್ಕಳಿ." ಜರಿ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನಾನು ಓಡಿದೆ.

ತಿರುವಿನಲ್ಲಿ ನಿಂತು ಹೋಗುವ ಬರುವ ಗಾಡಿಗೆಲ್ಲ ಕೈ ಮಾಡಿದೆ. ನನಗೆ ತಿಳಿದದ್ದು ಆಮೇಲೆ, ದಿಬ್ಬಣದ ಬಸ್ಸು ನಮ್ಮ ಊರ ದಾರಿಯನ್ನು ಯಾವಾಗಲೋ ದಾಟಿ ಹೋಗಿತ್ತು. ವೃತ್ತ ಎಂದರೆ ಪೇಟೆಯಲ್ಲೇ ಇರಬೇಕೆಂದು ದಾರಿಯಲ್ಲಿ ಸಿಕ್ಕವರೆಲ್ಲ ಅವರನ್ನು ಸಿದ್ದಾಪುರಕ್ಕೆ ಕಳಿಸಿದ್ದರು. ಅಲ್ಲಿ ಹೊಸಗದ್ದೆ ಎಂದು ವಿಚಾರಿಸಿದರೆ, ಯಾವ ಹೊಸಗದ್ದೆ ಎಂದರು. ಮಾಬ್ಲೇಶ್ವರ ಹೆಗಡೆ ಎಂದರೆ, ಯಾವ ಮಾಬ್ಲೇಶ್ವರ ಎಂದರು. ಒಬ್ಬರಂತೂ ಮನ್ಮನೆಯ ಕಡೆಯ ಇನ್ನೊಬ್ಬ ಮಾಬ್ಲೇಶ್ವರನ ಮನೆಯ ದಾರಿ ತೋರಿಸಿದರು, ಬಸ್ಸು ಅತ್ತ ಹೊರಟೂ ಬಿಟ್ಟಿತ್ತಂತೆ. ಪುಣ್ಯಕ್ಕೆ ಎದುರಿಗೆ ಖಾದರ್ ಸಾಬರು ಬಂದರು. ಬಾಳೆ ಕಟ್ಟಿದ ಬಸ್ಸು ಅಡ್ಡಾಡುವುದನ್ನು ನೋಡಿ ನಿಲ್ಲಿಸಿ, ಕರೆಯೋಲೆ ಓದಿ ಹಣೆ ಚಚ್ಚಿಕೊಂಡರಂತೆ. "ಮಾಬ್ಲನ ತಿರುವು ಅಂದಿದ್ರೆ ಸಣ್ಣ ಮಗೂನೂ ತೋರಿಸ್ತಿತ್ತು. ಬರ್ರಿ ನನ್ನ ಹಿಂದೆ!"

ನಾನು ನಿಂತಲ್ಲಿಗೆ ಮೊದಲು ಕೇಳಿಸಿದ್ದು ಹಾರನ್ನು, ಆಮೇಲೆ ಖಾದರ್ ಸಾಬರ ಗಂಟಲು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ "ಮಾಬ್ಲನ ತಿರುವೂ! ಮಾಬ್ಲನ ತಿರುವೂ!" ಎಂದು ಕಾಡಿಗೆಲ್ಲ ಕೇಳುವಂತೆ ಕೂಗುತ್ತ ಬಂದರು. ದೇವರಾಣೆ, ನನ್ನ ಹೆಸರು ಅಷ್ಟು ಇಂಪಾಗಿ ಎಂದೂ ಕೇಳಿಸಿರಲಿಲ್ಲ. ಬೀಗರು ಬಸ್ಸಿನಿಂದ ಇಳಿದವರೇ, "ಕಾಡೊಳಗೆ ವೃತ್ತ ಇರ್ತು ಹೇಳಿ ಯಾರಿಗೆ ಗೊತ್ತಿದ್ದು ಭಾವ?" ಎಂದರು. "ಇದು ವೃತ್ತ ಅಲ್ಲ ಭಾವ, ಮಾಬ್ಲನ ತಿರುವು. ಆ ಮಾಬ್ಲ ಆನೇಯ" ಎಂದು ನನ್ನನ್ನೇ ತೋರಿಸಿಕೊಂಡು ಮೊಟ್ಟಮೊದಲ ಸಲ ನನ್ನ ಬಾಯಾರೆ ಹೇಳಿದೆ. ಮುಹೂರ್ತಕ್ಕೆ ಸರಿಯಾಗಿ ಧಾರೆ ಆಯಿತು. ಖಾದರ್ ಸಾಬರಿಗೆ ಚಪ್ಪರದಲ್ಲಿ ನಾನೇ ನಿಂತು ಹೋಳಿಗೆ ಬಡಿಸಿದೆ, ಅವರು ಸಾಕು ಎಂದಷ್ಟೂ ಹಾಕಿದೆ.

ಅಲ್ಲಿಂದ ಮುಂದೆ ನನ್ನ ಜಂಬಕ್ಕೆ ಮೇರೆಯೇ ಇಲ್ಲದಾಯಿತು. ದಾರಿ ಚೆನ್ನಾಗಿ ಬಲ್ಲ ಹುಲಗೋಳದ ನೆಂಟರಿಗೂ ದಾರಿ ಹೇಳತೊಡಗಿದೆ. ಅಷ್ಟರಲ್ಲಿ ರಸ್ತೆ ಅಗಲ ಮಾಡುವವರು ಬಂದರು, ತಿರುವನ್ನು ಕಡಿದು ನೆಟ್ಟಗೆ ಮಾಡುತ್ತಾರೆಂಬ ಸುದ್ದಿ ಹಬ್ಬಿತು. ಹೋಗಿ ಎಂಜಿನಿಯರರನ್ನು ಕಂಡು, ಇದೊಂದು ತಿರುವು ಇರಲಿ ಸ್ವಾಮಿ ಎಂದೆ. "ಆಗಲ್ಲ ಸಾರ್, ಅದು ಅಪಘಾತದ ಜಾಗ" ಎಂದರು ಅವರು. "ಗೊತ್ತು, ಆ ಅಪಘಾತ ನನ್ನದೇ" ಎಂದೆ. ಅವರು ನನ್ನನ್ನು ಕೂರಿಸಿ ಚಹ ತರಿಸಿಕೊಟ್ಟರು, ತಿರುವನ್ನು ಮಾತ್ರ ತೆಗೆದರು. ಈಗ ಅಲ್ಲಿ ಕಣ್ಣು ಹಾಯುವಷ್ಟು ದೂರ ರಸ್ತೆ ನೇರ. ಹೆಸರು ಹೋಯಿತೆಂದು ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಿವೃತ್ತನಾದ ಮೇಲೆ ಒಂದು ದಿನ ಶರಾವತಿಯ ಜೊತೆ ಶಿರಸಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕಂಡಕ್ಟರು ಹೊಸಬ, ಹಾವೇರಿ ಕಡೆಯ ಮಾತು. ಹೇಳಲೋ ಬೇಡವೋ ಎಂದು ಅಂಜುತ್ತಲೇ "ಎರಡು ಮಾಬ್ಲನ ತಿರುವು" ಎಂದೆ. ಅವನು ಏನೂ ವಿಚಾರಿಸದೆ ಟಿಕೆಟು ಹರಿದು ಕೊಟ್ಟ. ನನಗೆ ಖುಷಿ ತಡೆಯಲಾಗಲಿಲ್ಲ. "ಅಲ್ಲಿ ತಿರುವೇ ಇಲ್ಲವಲ್ಲ, ಯಾಕೆ ಆ ಹೆಸರು?" ಎಂದು ಬೇಕೆಂದೇ ಕೇಳಿದೆ.

"ಮೊದ್ಲ ಇತ್ತಂತ್ರೀ ಅಜ್ಜಾರ. ಮಾಬ್ಲ ಅಂತ ಒಬ್ರು ಮಾಸ್ತರ ಇದ್ರಂತ. ಗಾಡಿ ಮ್ಯಾಲೆ ಬರಾಕತ್ತಾಗ ಒಂದು ಆಕಳ ಕರ ಅಡ್ಡ ಬಂತಂತ. ಕರ ಉಳಸಾಕ ಹೋಗಿ ಗಾಡಿ ಗಟಾರಕ್ಕ ಹಾಕಿ, ಅಲ್ಲೇ ಜೀವ ಬಿಟ್ರಂತ್ರೀ. ಭಾಳ ದೊಡ್ಡ ಮನಷ್ಯಾ."

ಶರಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು, ಅವಳ ಭುಜ ಕುಣಿಯುತ್ತಿತ್ತು. ಅಜ್ಜನ ಗುಂಡಿಯಿಂದ ಆ ಕರು ಯಾವಾಗ ಮೇಲೆದ್ದು ಇಷ್ಟು ದೂರ ನಡೆದು ಬಂತೋ, ಆ ಗೋಕರ್ಣದ ಮಹಾಬಲೇಶ್ವರನೇ ಬಲ್ಲ. ಅಂದು ಹಳ್ಳದ ದಂಡೆಯಲ್ಲಿ ಅಜ್ಜನ ಹೆಗಲ ಮೇಲೆ ಇದ್ದದ್ದು ಕರುವೋ, ನನ್ನ ಹಾಗೆ ಯಾವುದೋ ಹಣ್ಣೋ ಎಂಬ ಸಂಶಯ ನನಗೆ ಹುಟ್ಟಿದ್ದು ಆಗಲೇ. ಅದನ್ನು ಶರಾವತಿಗೆ ಹೇಳಿ ಸೋಲುವಷ್ಟು ದಡ್ಡ ನಾನಲ್ಲ.

"ಕರು ಬದುಕಿತಾ?" ಎಂದು ಕಂಡಕ್ಟರನ್ನು ಕೇಳಿದೆ.

"ಬದುಕ್ತಂತ್ರೀ."

"ಒಳ್ಳೇದಾತು," ಎಂದೆ. ನನ್ನ ಸ್ಟಾಪು ಬಂತು, ಸತ್ತವನಿಗೆ ತಕ್ಕ ಗಾಂಭೀರ್ಯದಿಂದ ಇಳಿದೆ. ಈಗ ಮೊಮ್ಮಗ ಆ ತಿರುವಿನ ಕಥೆ ಕೇಳುತ್ತಾನೆ. ಹೇಳುತ್ತೇನೆ. ಹಲಸಿನ ಹಣ್ಣಿನ ಸುದ್ದಿ ಮಾತ್ರ ಎತ್ತುವುದಿಲ್ಲ.