ಉಡಿಗೆ ಬಿದ್ದ ಸಸಿ

ನಿವೃತ್ತಿಯಾದ ಮನುಷ್ಯನಿಗೆ ಏನಾದರೂ ಒಂದು ಆಸೆ ಇರಬೇಕು ಎನ್ನುತ್ತಾರೆ. ಕಾಶಿಗೆ ಹೋಗುವವರಿದ್ದಾರೆ, ಆತ್ಮಕಥೆ ಬರೆಯುವವರಿದ್ದಾರೆ, ಮುಂದೂಡುತ್ತ ಬಂದ ಮೊಣಕಾಲಿನ ಆಪರೇಷನ್ ಮಾಡಿಸಿಕೊಳ್ಳುವವರಿದ್ದಾರೆ. ನನ್ನ ಆಸೆ ಉಳ್ಳಾಗಡ್ಡಿ, ಅಂದರೆ ಈರುಳ್ಳಿ. ನಾನೇ ಹಚ್ಚಿ, ನಾನೇ ನೀರುಣಿಸಿ, ನಾನೇ ಕಿತ್ತ ಒಂದು ಉಳ್ಳಾಗಡ್ಡಿಯನ್ನು ಕಟ್ಟೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿ, ಬಿಸಿ ರೊಟ್ಟಿಯ ಜೊತೆ ತಿನ್ನಬೇಕು. ಇಷ್ಟೇ. ಇಷ್ಟು ಸಣ್ಣ ಆಸೆ ಈವರೆಗೆ ಯಾಕೆ ತೀರಲಿಲ್ಲವೆಂದು ನೀವು ಕೇಳಬಹುದು. ಬನಹಟ್ಟಿಯ ಈ ಕಾಲನಿಯಲ್ಲಿ ಮನೆ ಕಟ್ಟಿಸುವಾಗ ನಾನು ಗಣಿತದ ಮಾಸ್ತರನ ಬುದ್ಧಿ ಓಡಿಸಿ, ಸೈಟಿನ ಒಂದು ಇಂಚೂ ದಂಡವಾಗದಂತೆ ಮೂಲೆಯಿಂದ ಮೂಲೆಗೆ ಗೋಡೆ ಎಬ್ಬಿಸಿದೆ. ಗೃಹಪ್ರವೇಶದ ದಿನ ಬಂದವರೆಲ್ಲ ನನ್ನ ಜಾಣತನವನ್ನು ಹೊಗಳಿದರು. ತುಳಸಿಗೆ ಒಂದು ಹಿಡಿ ಮಣ್ಣು ಎಲ್ಲಿದೆ ಎಂದು ನನ್ನ ಹೆಂಡತಿ ಸುಮಿತ್ರಾ ಕೇಳಿದಾಗಲೇ ಮಣ್ಣು ಎಂಬುದೊಂದು ಇರುತ್ತದೆ ಎಂದು ನನಗೆ ನೆನಪಾದದ್ದು.

ನಮ್ಮ ಮನೆಯೆದುರು ಕಾಲನಿಯ ಖುಲ್ಲಾ ಜಾಗವೊಂದಿದೆ. ಲೇಔಟಿನ ನಕ್ಷೆಯಲ್ಲಿ ಅದು ಉದ್ಯಾನ. ನೆಲದ ಮೇಲೆ ಜಾಲಿಗಿಡ, ಒಡೆದ ಕಮೋಡು ಮತ್ತು ಯಾರದೋ ಒಂದು ಕತ್ತೆ. ಇದನ್ನು ಮಡಿಗಳಾಗಿ ವಿಂಗಡಿಸಿ ಮನೆಗೊಂದು ಮಡಿ ಕೊಟ್ಟರೆ ಎಲ್ಲರೂ ತಮ್ಮ ತಮ್ಮ ಕಾಯಿಪಲ್ಲೆ ತಾವೇ ಬೆಳೆದುಕೊಳ್ಳಬಹುದು ಎಂದು ನಾನು ಕಾಲನಿಯ ಸಭೆಯಲ್ಲಿ ಸೂಚಿಸಿದೆ. ಸಮಾಜದ ಆರೋಗ್ಯ, ಮಕ್ಕಳಿಗೆ ನಿಸರ್ಗದ ಪರಿಚಯ, ನೆರೆಹೊರೆಯ ಪ್ರೀತಿ ಎಂದೆಲ್ಲ ಮಾತಾಡಿದೆ. ಉಳ್ಳಾಗಡ್ಡಿಯ ಹೆಸರು ಎತ್ತಲಿಲ್ಲ. ಸಂಘದ ಚೇರಮನ್ ಬಸಪ್ಪಣ್ಣ ಸೀರೆಯ ವ್ಯಾಪಾರಿ. ಅವರಿಗೆ ಆ ಜಾಗದ ತುಂಬ ಫರಸಿ ಕಲ್ಲು ಹಾಸಿ ಕಾರು ನಿಲ್ಲಿಸುವ ಯೋಚನೆಯಿತ್ತು. “ಮಾಸ್ತರ, ಕಾಯಿಪಲ್ಯೆ ಬಾಜಾರದಾಗ ಸಿಗತೈತಿ. ಗಾಡಿ ಹಚ್ಚಾಕ ಜಾಗಾ ಬಾಜಾರದಾಗ ಸಿಗಂಗಿಲ್ಲ” ಎಂದರು. ಆದರೂ ದೊಡ್ಡ ಮನಸ್ಸು ಮಾಡಿ ಒಂದು ತಿಂಗಳ ಗಡುವು ಕೊಟ್ಟರು. ಅಷ್ಟರೊಳಗೆ ನಾವೇ ಹಣ ಕೂಡಿಸಿ ಬೇಲಿ ಹಾಕಿ ನೀರಿನ ನಳ ತಂದರೆ ಮಡಿ, ಇಲ್ಲದಿದ್ದರೆ ಫರಸಿ.

ಆ ಸಭೆಯಲ್ಲಿ ನನ್ನ ಪಕ್ಷ ವಹಿಸಿದ್ದು ಒಬ್ಬರೇ, ಪದ್ಮವ್ವ. ತೇರದಾಳದ ಕಡೆಯ ಜೈನರ ಮನೆಯ ಹೆಣ್ಣುಮಗಳು. ಗಂಡ ಪವರ್‌ಲೂಮಿನಲ್ಲಿ ಕೆಲಸ ಮಾಡುತ್ತಾನೆ. ನಮ್ಮ ಓಣಿಯ ಕೊನೆಯ ಮನೆಯ ಮಾಳಿಗೆಯ ಮೇಲೆ ಬಾಡಿಗೆಗಿದ್ದಾರೆ. ಆ ಮಾಳಿಗೆಯ ಮೆಟ್ಟಿಲಿನ ಉದ್ದಕ್ಕೂ ಎಣ್ಣೆಯ ಡಬ್ಬಿಗಳನ್ನಿಟ್ಟು ಆಕೆ ಮೆಣಸಿನಕಾಯಿ, ಟೊಮೇಟೊ ಬೆಳೆಯುತ್ತಾಳೆ. ಗಿಡಗಳು ಅವಳ ಮೊಣಕಾಲಿಗಿಂತ ಮೇಲೆ ಬಂದದ್ದನ್ನು ನಾನು ನೋಡಿಲ್ಲ. ಒಮ್ಮೆ ಗೊಬ್ಬರದ ವಿಷಯದಲ್ಲಿ ಪುಕ್ಕಟೆ ಸಲಹೆ ಕೊಡಲು ಹೋದಾಗ ಆಕೆ ಸುಮ್ಮನೆ ಕೇಳಿ, ಕೊನೆಗೆ, “ಡಬ್ಬ್ಯಾಗ ಬೆಳದದ್ದು ಡಬ್ಬಿಯಷ್ಟ ಆಗತೈತ್ರಿ ಸರ. ಅದಕ್ಕ ನೆಲಾ ಬೇಕ್ರಿ” ಎಂದಿದ್ದಳು. ತವರಿನ ಹೊಲವನ್ನು ಬಿಟ್ಟು ಬಂದು ಆರು ವರ್ಷವಾದರೂ ಅವಳ ಉಗುರಿನಲ್ಲಿ ಇನ್ನೂ ಮಣ್ಣಿನ ಕಪ್ಪು ಇರುತ್ತಿತ್ತು. ಆ ಮಡಿ ನನಗಿಂತ ಆಕೆಗೆ ಹೆಚ್ಚು ಬೇಕಾಗಿದೆ ಎಂಬುದು ನನಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗಿಯೂ ನಳದ ಪಕ್ಕದ ಮಡಿ ಮಾತ್ರ ನನಗೇ ಬರಲಿ ಎಂದು ಒಳಗೊಳಗೇ ಅಂದುಕೊಂಡಿದ್ದೆ ಎಂಬುದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಹಣ ಕೂಡಿಸುವುದಕ್ಕೆ ಸಸಿಗಳ ಮಾರಾಟ ಮಾಡೋಣವೆಂದವನು ನಾನೇ. ಇದರಲ್ಲಿ ಒಂದು ತೊಡಕಿದೆ ಎಂದು ಸುಮಿತ್ರಾ ಮೊದಲೇ ಹೇಳಿದ್ದಳು. ನಮ್ಮ ಕಡೆ ಗಿಡವನ್ನು ಯಾರೂ ಕೊಳ್ಳುವುದಿಲ್ಲ, ಬೇಡುತ್ತಾರೆ. ಯಾರದೋ ಅಂಗಳದಲ್ಲಿ ದಾಸವಾಳ ಕಂಡರೆ ಬಾಗಿಲಲ್ಲೇ ನಿಂತು ಒಂದು ಕಡ್ಡಿ ಕೊಡ್ರಿ ಎನ್ನುತ್ತಾರೆ. ಕೊಡದಿದ್ದರೆ ಅದು ಆ ಮನೆಯವರಿಗೇ ಅವಮಾನ. ಜಮಖಂಡಿಯಲ್ಲಿರುವ ನನ್ನ ನಾದಿನಿಯ ಮಲ್ಲಿಗೆ ಬಳ್ಳಿ ಹೀಗೆ ಕಡ್ಡಿ ಕಡ್ಡಿಯಾಗಿ ಮುಧೋಳ, ಬೀಳಗಿಯವರೆಗೆ ಹಬ್ಬಿದೆ, ಮೂಲ ಬಳ್ಳಿ ಮಾತ್ರ ಬೋಳಾಗಿ ನಿಂತಿದೆ. ಆದರೆ ನಾನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಮನೆಮನೆಗೆ ಹೋಗಿ ಸಸಿ ಬೇಡಿ ತಂದೆ. ಮಾರುವುದಕ್ಕಾಗಿ ಬೇಡುವುದರಲ್ಲಿ ನನಗೆ ಯಾವ ವಿರೋಧವೂ ಕಾಣಲಿಲ್ಲ. ಪದ್ಮವ್ವ ಇಪ್ಪತ್ತು ಮೆಣಸಿನ ಅಗಿ ಕಿತ್ತು ಕೊಟ್ಟಳು. ಅಗಿ ಎಂದರೆ ಬೇರೆ ಕಡೆ ನೆಡಲೆಂದು ಬೀಜ ಹಾಕಿ ಎಬ್ಬಿಸಿದ ಎಳೆಯ ಸಸಿ. ನಾನೂ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಎಣ್ಣೆಯ ಡಬ್ಬಿಯಲ್ಲಿ ಉಳ್ಳಾಗಡ್ಡಿಯ ಅಗಿ ಹಾಕಿದ್ದೆ, ಆದರೆ ಅದನ್ನು ಮಾರಾಟಕ್ಕೆ ಇಡಲಿಲ್ಲ.

ಕರಪತ್ರವನ್ನೂ ನಾನೇ ಬರೆದೆ. “ನಮ್ಮ ಮಡಿಗಾಗಿ ಸಸಿ ಮಾರಾಟ, ಎಲ್ಲರೂ ಬನ್ನಿ” ಎಂದಿತ್ತು. ಹಿಂದಿನ ಓಣಿಯ ಹಿರಿಯರೊಬ್ಬರು ಫೋನು ಮಾಡಿ, ಸ್ನಾನ ಮಾಡಿಯೇ ಬರಬೇಕೋ ಅಥವಾ ಕೈಕಾಲು ತೊಳೆದರೆ ನಡೆಯುತ್ತದೆಯೋ ಎಂದು ವಿಚಾರಿಸಿದರು. ಈ ಮಡಿ ಆ ಮಡಿಯಲ್ಲ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಚಹಾ ಆರಿತು. ಕೆಳಗೆ ಎರಡು ನಿಯಮ ಸೇರಿಸಿದ್ದೆ. ಒಂದು, ಉದ್ರಿ ಇಲ್ಲ, ಪುಕ್ಕಟೆ ಇಲ್ಲ. ಎರಡು, ಪ್ಲಾಸ್ಟಿಕ್ ಚೀಲ ಕೊಡುವುದಿಲ್ಲ. ಪರಿಸರಕ್ಕಾಗಿ ಮಾಡುವ ಕೆಲಸದಲ್ಲಿ ಪ್ಲಾಸ್ಟಿಕ್ ಇರಬಾರದು ಎಂಬುದು ನನ್ನ ಸಿದ್ಧಾಂತ. ಎರಡನೆಯ ನಿಯಮ ಮೊದಲನೆಯದನ್ನು ತಿಂದುಹಾಕುತ್ತದೆ ಎಂದು ಮೂವತ್ತು ವರ್ಷ ಪ್ರಮೇಯ ಬಿಡಿಸಿದ ನನಗೇ ಹೊಳೆಯಲಿಲ್ಲ.

ಮಾರಾಟಕ್ಕೆ ಶುಕ್ರವಾರವನ್ನು ಗೊತ್ತು ಮಾಡಿದ್ದೂ ನನ್ನ ಬುದ್ಧಿವಂತಿಕೆಯೇ. ಅಂದು ಹೆಣ್ಣುಮಕ್ಕಳು ದೇವರ ಗುಡಿಗೆ ಹೋಗಿ ಇದೇ ಹಾದಿಯಲ್ಲಿ ಮರಳುತ್ತಾರೆ. ಬೆಳಿಗ್ಗೆ ಆ ಖುಲ್ಲಾ ಜಾಗದಲ್ಲೇ ಎರಡು ಮೇಜು ಹಾಕಿ ಸಸಿಗಳನ್ನು ಸಾಲಾಗಿ ಇಟ್ಟೆವು. ಮಾರುವವಳು ಸುಮಿತ್ರಾ, ಬೆಲೆ ಬರೆದ ಚೀಟಿ ಹಚ್ಚಿ ಪಕ್ಕದಲ್ಲಿ ಕುಳಿತವನು ನಾನು. ಮೊದಲ ಗಿರಾಕಿಯಾಗಿ ಬಂದವರು ಚೇರಮನ್ನರ ಹೆಂಡತಿ ನೀಲವ್ವ. ಬೋಣಿಗೆಯೇ ವಿರೋಧ ಪಕ್ಷದಿಂದ ಆಯಿತೆಂದು ನನಗೆ ಹಿಗ್ಗು. ಅವರು ಒಂದು ದಾಸವಾಳದ ಸಸಿ ಆರಿಸಿದರು. ಬೇರಿಗೆ ಹಸಿ ಮಣ್ಣು, ಅದಕ್ಕೆ ಸುತ್ತಿದ ಹಳೆಯ ಪೇಪರು ನೆನೆದು ಹರಿದಿತ್ತು. ಕೈಯಲ್ಲಿ ಕಾಯಿ ಕರ್ಪೂರದ ತಟ್ಟೆ, ಚೀಲವಿಲ್ಲ. ನೀಲವ್ವ ತಟ್ಟೆಯನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಸೆರಗು ಹಿಡಿದು ಮುಂದೆ ಒಡ್ಡಿದರು.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಆ ಭಂಗಿ ಹುಟ್ಟಿನಿಂದ ಗೊತ್ತು. ಮುತ್ತೈದೆಯೊಬ್ಬಳು ಸೆರಗೊಡ್ಡಿ ನಿಂತರೆ ಎದುರಿನವಳ ಕೈ ತಾನೇ ಅಕ್ಕಿ, ಅಡಿಕೆ, ಕೊಬ್ಬರಿ ಬಟ್ಟಲನ್ನು ಹುಡುಕುತ್ತದೆ. ಉಡಿ ತುಂಬಬೇಕು. ಯೋಚಿಸಿ ಮಾಡುವ ಕೆಲಸವಲ್ಲ ಅದು. ಸುಮಿತ್ರಾಳ ಕೈ ನೀಲವ್ವನ ತಟ್ಟೆಯಲ್ಲಿದ್ದ ಕುಂಕುಮವನ್ನು ತೆಗೆದು ಹಣೆಗೆ ಹಚ್ಚಿ, ದಾಸವಾಳದ ಸಸಿಯನ್ನು ಎರಡೂ ಕೈಯಿಂದ ಉಡಿಗೆ ಹಾಕಿತು. ನೀಲವ್ವ ಸಸಿಯನ್ನು ಕಣ್ಣಿಗೊತ್ತಿಕೊಂಡು, ಬಗ್ಗಿ ನಮಸ್ಕರಿಸಿ, ತಟ್ಟೆ ತೆಗೆದುಕೊಂಡು ಹೋದರು. ನಾನು ಬೆಲೆಯ ಚೀಟಿಯನ್ನು ಬೆರಳಿನಲ್ಲಿ ಹಿಡಿದುಕೊಂಡು ಕುಳಿತಿದ್ದೆ. ಹಿಂದೆ ನಿಂತಿದ್ದವರೆಲ್ಲ ನೋಡಿದ್ದರು. ಎರಡನೆಯವಳೂ ಸೆರಗೊಡ್ಡಿದಳು. ಮೂರನೆಯವಳಿಗೆ ಚೀಲವಿತ್ತು, ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳೂ ಸೆರಗೊಡ್ಡಿದಳು.

ನಾನು ಸುಮಿತ್ರಾಳನ್ನು ಪಕ್ಕಕ್ಕೆ ಕರೆದು, ಇದು ಮಾರಾಟವೋ ಸೀಮಂತವೋ ಎಂದು ಮೆಲ್ಲಗೆ ಕೇಳಿದೆ. ಆಕೆ ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿ, “ಉಡ್ಯಾಗ ಹಾಕಿದ್ದಕ್ಕ ರೊಕ್ಕಾ ಕೇಳಾಕ ನನ್ನ ನಾಲಿಗಿ ಹೊಳ್ಳಂಗಿಲ್ರಿ. ನಿಮಗ ಧೈರ್ಯ ಇದ್ರ ನೀವ ಕೇಳ್ರಿ” ಎಂದಳು. ನನಗೆ ಧೈರ್ಯವಿರಲಿಲ್ಲ. ಹನ್ನೊಂದು ಗಂಟೆಯೊಳಗೆ ಮೇಜು ಖಾಲಿಯಾಯಿತು. ಹಣ ಕೊಟ್ಟವರು ನಾಲ್ಕು ಜನ, ನಾಲ್ವರೂ ಗಂಡಸರು. ನಮ್ಮ ಜಾತಿಗೆ ಉಡಿ ಇಲ್ಲವಲ್ಲ. ಆ ನಾಲ್ವರ ಹಣದಲ್ಲಿ ಒಂದು ನಳ ಮತ್ತು ಒಂದಿಷ್ಟು ಪೈಪು ಬಂದವು, ಬೇಲಿಗೆ ಒಂದು ಗೂಟವೂ ಉಳಿಯಲಿಲ್ಲ. ಪದ್ಮವ್ವ ಖಾಲಿ ಮೇಜನ್ನು ನೋಡಿ ಎಲ್ಲವೂ ಮಾರಿತೆಂದು ಸಂತೋಷಪಟ್ಟಳು. ನಿಜ ತಿಳಿಸಿದಾಗ, ಸಸಿ ಒಳ್ಳೆಯ ಕಡೆಗೆ ಹೋದವು ಬಿಡಿ ಎಂದು ನನಗೇ ಸಮಾಧಾನ ಹೇಳಿ ಮಾಳಿಗೆ ಹತ್ತಿದಳು. ಅವಳ ಮೆಟ್ಟಿಲ ಮೇಲೆ ಖಾಲಿ ಡಬ್ಬಿಗಳಿದ್ದವು. ನನಗೆ ಅಂದು ನಿಜವಾಗಿಯೂ ಬೇಸರವಾಯಿತು, ಅದರಲ್ಲಿ ಉಳ್ಳಾಗಡ್ಡಿಯ ಪಾಲು ಅರ್ಧಕ್ಕಿಂತ ಕಡಿಮೆ.

ಗಡುವು ಮುಗಿದ ಮರುದಿನ ಫರಸಿ ತುಂಬಿದ ಟೆಂಪೊ ಬಂದು ನಿಂತಿತು. ಬಸಪ್ಪಣ್ಣ ಮಾತಿನ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ನಾನು ಸೋಲನ್ನು ಮರ್ಯಾದೆಯಿಂದ ಒಪ್ಪಿಕೊಳ್ಳಲೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ನೀಲವ್ವ ಟೆಂಪೊದ ಮುಂದೆ ನಿಂತಿದ್ದರು. ಅವರ ಹಿಂದೆ ಓಣಿಯ ಏಳೆಂಟು ಹೆಣ್ಣುಮಕ್ಕಳು. ಯಾರೂ ಘೋಷಣೆ ಕೂಗಲಿಲ್ಲ, ಗಲಾಟೆಯನ್ನೂ ಮಾಡಲಿಲ್ಲ. ನೀಲವ್ವ ಗಂಡನಿಗೆ ಇಷ್ಟೇ ಹೇಳಿದರು: “ಇಲ್ಲೆ ನನ್ನ ಉಡಿ ತುಂಬ್ಯಾರ. ನನ್ನ ತವರಿನ ಮ್ಯಾಲ ಫರಸಿ ಹಾಸ್ತೀರೇನು?” ಉಡಿ ತುಂಬಿ ಕಳಿಸಿದ ಜಾಗ ತವರಾಗುತ್ತದೆ ಎಂಬ ಸಮೀಕರಣ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆದರೆ ಬಸಪ್ಪಣ್ಣ ಮೂವತ್ತೆಂಟು ವರ್ಷ ಸಂಸಾರ ಮಾಡಿದವರು. ಜಾಲಿಗಿಡದ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು, ಟೆಂಪೊದವನಿಗೆ ತಮ್ಮ ಮನೆಯ ಹಿತ್ತಲಿಗೆ ಹೊಡಿ ಎಂದರು.

ಬೇಲಿಯೂ ತವರಿನ ಲೆಕ್ಕದಲ್ಲೇ ಆಯಿತು. ಉಡಿ ತುಂಬಿಸಿಕೊಂಡವರು ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರು ಹಳೆಯ ಮಗ್ಗದ ಕಟ್ಟಿಗೆ ತಂದು ಗೂಟ ಹುಗಿಸಿದರು. ನೀಲವ್ವ ಅಂಗಡಿಯಲ್ಲಿ ಮಾರದೆ ಉಳಿದ, ಜರಿ ತಪ್ಪಿದ, ಅಂಚು ಹರಿದ ಸೀರೆಗಳ ಗಂಟನ್ನೇ ಕಳಿಸಿದರು. ಗೂಟದಿಂದ ಗೂಟಕ್ಕೆ ಸೀರೆ ಕಟ್ಟಿ ಸುತ್ತಲೂ ಬೇಲಿ ಎದ್ದಿತು. ಹಂದಿ, ಕತ್ತೆಗಳು ದೂರವಾದವು, ಆದರೆ ರಬಕವಿಗೆ ಮದುವೆಯ ಜವಳಿಗೆ ಹೊರಟ ಬೀಗರೊಬ್ಬರು ಆಟೋ ನಿಲ್ಲಿಸಿ ಹಸಿರು ಸೀರೆಯ ಬೆಲೆ ಕೇಳಿದರು. ನನ್ನ ಮಾರಾಟದ ದಿನ ಸಸಿಗಳ ಬೆಲೆಯನ್ನು ಒಬ್ಬ ಹೆಣ್ಣುಮಗಳೂ ಕೇಳಿರಲಿಲ್ಲ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ.

ಮೂರು ತಿಂಗಳ ಹಿಂದೆ ಮಡಿಗಳನ್ನು ಚೀಟಿ ಎತ್ತಿ ಹಂಚಿದೆವು. ನಳದ ಪಕ್ಕದ ಮಡಿ ಪದ್ಮವ್ವನಿಗೆ ಬಂತು. ಅದರ ಆಚೆಯ ಮಡಿ ನನಗೆ. ಮೊದಲ ಸಂಜೆ ನಾನು ಸಲಿಕೆ ಹಿಡಿದು ಹೋದಾಗ ಆಕೆ ಆಗಲೇ ನೆಲ ಹದಮಾಡಿ, ಮೆಣಸಿನ ಅಗಿ ಹಚ್ಚುತ್ತಿದ್ದಳು. ಮೊದಲು ಕೊಟ್ಟದ್ದೆಲ್ಲ ಉಡಿಗಳಿಗೆ ಹೋಗಿತ್ತು, ಇದು ಮತ್ತೆ ಬೀಜ ಹಾಕಿ ಎಬ್ಬಿಸಿದ್ದು. ನಮ್ಮ ಮಡಿಗಳ ನಡುವೆ ಒಂದು ಗೇಣು ಒಡ್ಡು ಅಷ್ಟೇ. ನನ್ನ ಬರಿಯ ಮಡಿಯನ್ನು ನೋಡಿ ಆಕೆ ಎದ್ದು, ಎರಡೂ ಕೈಯ ತುಂಬ ಅಗಿ ಹಿಡಿದು ಒಡ್ಡಿನ ಮೇಲೆ ಬಂದಳು. ನನ್ನ ಕೈ ಅಭ್ಯಾಸದಂತೆ ಜೇಬಿಗೆ ಹೋಯಿತು. “ಜೇಬಿಗೆ ಯಾಕ ಕೈ ಹಾಕ್ತೀರಿ ಸರ,” ಎಂದಳು ಪದ್ಮವ್ವ, “ಉಡಿ ಒಡ್ರಿ.”

ನಾನು ಸುತ್ತಲೂ ನೋಡಿದೆ. ಬೇಲಿಯ ಸೀರೆಗಳ ಹೊರತು ಯಾರೂ ಇರಲಿಲ್ಲ. ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದೆ. ಹಸಿ ಮಣ್ಣು ಅಂಗಿಗಿಳಿದು ಹೊಟ್ಟೆಗೆ ತಣ್ಣಗೆ ತಾಗಿತು. ಆಕೆ ಮತ್ತೆ ಕುಕ್ಕರಗಾಲಿನಲ್ಲಿ ಕುಳಿತು ಮಣ್ಣು ಒತ್ತುತ್ತ, ಉಳಿದ ಅರ್ಧ ಮಡಿಯಲ್ಲಿ ಏನು ಹಚ್ಚುತ್ತೀರಿ ಎಂದು ಕೇಳಿದಳು. ಕೇಳುವುದರಲ್ಲಿ ಯಾವ ಮಸಲತ್ತೂ ಇರಲಿಲ್ಲ. ಉಳ್ಳಾಗಡ್ಡಿ ಎಂದಿದ್ದರೆ ಛಲೋ ಆತ್ರಿ ಎಂದೇ ಅನ್ನುತ್ತಿದ್ದಳು. ಆದರೆ ಜೈನರಾದ ಅವಳ ಮನೆಯಲ್ಲಿ ನೆಲದೊಳಗಿನ ಗಡ್ಡೆಯನ್ನು ಒಳಗೆ ತರುವುದಿಲ್ಲ ಎಂಬುದು ನನಗೆ ಗೊತ್ತು. ಅದರ ಜೊತೆಗೆ ನನ್ನ ಉಡಿ ತುಂಬಿತ್ತು.

“ಮೆಂತೆ ಪಲ್ಯೆ” ಎಂದೆ.

ಈಗ ನನ್ನ ಮಡಿಯಲ್ಲಿ ಮೆಣಸಿನಕಾಯಿಯೂ ಮೆಂತೆಯೂ ಸೊಂಪಾಗಿವೆ. ಪದ್ಮವ್ವನ ಗಿಡಗಳು ಅವಳ ಸೊಂಟಕ್ಕೆ ಬಂದಿವೆ. ನನ್ನ ಉಳ್ಳಾಗಡ್ಡಿ ಮಾಳಿಗೆಯ ಮೇಲೆ ಎಣ್ಣೆಯ ಡಬ್ಬಿಯಲ್ಲೇ ಇದೆ. ಮೊನ್ನೆ ಒಂದನ್ನು ಕಿತ್ತು ಕಟ್ಟೆಯ ಮೇಲಿಟ್ಟು, ರೊಟ್ಟಿ ತರಿಸಿಕೊಂಡು, ಮುಷ್ಟಿ ಎತ್ತಿದೆ. ಗೋಲಿಗುಂಡಿನಷ್ಟಿತ್ತು. ಮುಷ್ಟಿಗೆ ಅದು ಸಿಗಲೇ ಇಲ್ಲ, ಉರುಳಿ ಬಾಗಿಲಾಚೆ ಹೋಯಿತು.