ಚಿಕ್ಕಮ್ಮನ ಪ್ರತಿಸ್ಪರ್ಧಿ

ನಮ್ಮ ಚಿಕ್ಕಮ್ಮನ ಎದುರು ಯಾವುದನ್ನೂ ‘ಚೆನ್ನಾಗಿದೆ’ ಎನ್ನಬೇಡಿ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಅವರ ಮನೆಯಲ್ಲಿ ಒಮ್ಮೆ ಪತ್ರೊಡೆ ತಿಂದು, ಅಭ್ಯಾಸಬಲದಿಂದ ಹಾಗೆ ಅಂದುಬಿಟ್ಟೆ. ತಕ್ಷಣ ನೋಟ್‌ಬುಕ್ ಹೊರಗೆ ಬಂತು.

“ಯಾರಿಗೆ ಚೆನ್ನಾಗಿದೆ? ಎಷ್ಟು ವಯಸ್ಸಿನವ್ರಿಗೆ? ಇನ್ನೊಬ್ರಿಗೆ ಹೇಳ್ತೀಯಾ, ಇಲ್ಲ ತಿಂದ್ಕಂಡು ಸುಮ್ನಿರ್ತೀಯಾ?”

ನಾಲ್ಕು ತುಂಡು ಪತ್ರೊಡೆಗೆ ಅರ್ಧ ಗಂಟೆ ವಿಚಾರಣೆ ನಡೆಯಿತು. ಐದನೆಯದನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಇದಕ್ಕೆಲ್ಲ ಕಾರಣ ಸಾಗರದ ಒಂದು ಕಾಲೇಜು. ಅಲ್ಲಿ ಕಲಾವಿದರಿಗೆಂದೇ ಒಂದು ಸ್ನಾತಕೋತ್ತರ ಕೋರ್ಸು ತೆರೆದರು. ಕಲೆಯನ್ನು ನಂಬಿ ಬದುಕುವುದು ಹೇಗೆ, ಗ್ರಾಹಕರನ್ನು ಹುಡುಕುವುದು ಹೇಗೆ, ಸ್ವಂತ ಉದ್ಯಮ ಕಟ್ಟುವುದು ಹೇಗೆ ಎಂದು ಶನಿವಾರ, ಭಾನುವಾರ ಪಾಠ. ನಮ್ಮ ಚಿಕ್ಕಮ್ಮ ಹಸೆ ಚಿತ್ತಾರ ಬರೆಯುವವರು. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ನಾರಿನ ಕುಂಚ ಅದ್ದಿ, ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಎಳೆಯುವ ಕೆಲಸ. ಮದುವೆಯಾಗುವ ಮೊದಲೇ ಬಿ.ಎ. ಮುಗಿಸಿದ್ದರು. ಆ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ರೇಷ್ಮೆ ಸೀರೆಗೆ ಹಾಸಿಗೆಯಾಗಿತ್ತು. ಐವತ್ತನಾಲ್ಕನೇ ವಯಸ್ಸಿನಲ್ಲಿ ಅದನ್ನು ಎಬ್ಬಿಸಿ, ಹೊಸನಗರದಿಂದ ಸಾಗರಕ್ಕೆ ಬಸ್ ಹತ್ತಿಯೇಬಿಟ್ಟರು.

“ಈ ವಯಸ್ಸಲ್ಲಿ ಓದಿ ಎಂತ ಮಾಡ್ತೀಯೆ?” ಎಂದು ಚಿಕ್ಕಪ್ಪ ಕೇಳಿದರಂತೆ.

“ನೀವು ಈ ವಯಸ್ಸಲ್ಲಿ ಓದ್ದೆ ಎಂತ ಮಾಡ್ತಿದ್ದೀರಿ?”

ಚಿಕ್ಕಪ್ಪ ಅಂದಿನಿಂದ ಶನಿವಾರದ ಅಡುಗೆ ಕಲಿತರು. ಉಪ್ಪು ಎಷ್ಟೆಂಬುದು ಮಾತ್ರ ಇನ್ನೂ ಪ್ರಯೋಗದ ಹಂತದಲ್ಲಿದೆ.

ನಾನು ಹೊಸನಗರದಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಹಾಗಾಗಿ ಚಿಕ್ಕಮ್ಮನ ವಿದ್ಯಾಭ್ಯಾಸದ ಅರ್ಧ ಭಾರ ತಾನಾಗಿಯೇ ನನ್ನ ತಲೆಗೆ ಬಂತು. ಗ್ರಾಹಕರ ಅಭಿಪ್ರಾಯ ಸಂಗ್ರಹಿಸಬೇಕೆಂದು ಕಾಲೇಜಿನವರು ಹೇಳಿದಾಗ ಮೂವತ್ತು ಪ್ರಶ್ನಾವಳಿ ಅಚ್ಚು ಹಾಕಿಕೊಟ್ಟವನೂ ನಾನೇ. ಅವರು ಅದನ್ನು ತೀರ್ಥಹಳ್ಳಿಯ ಒಂದು ಮದುವೆ ಮನೆಗೆ ತೆಗೆದುಕೊಂಡು ಹೋಗುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು? ಧಾರೆ ಮುಗಿದು ಎಲ್ಲರೂ ಊಟಕ್ಕೆ ಏಳುವ ಹೊತ್ತಿಗೆ, ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತು ಗಂಡಿನ ಅಜ್ಜಿಯನ್ನು ಹಿಡಿದರು.

“ಒಂದರಿಂದ ಐದರೊಳಗೆ ಎಷ್ಟು ಕೊಡ್ತೀರಿ ಅಜ್ಜಿ?”

ಅಜ್ಜಿ ಕನ್ನಡಕ ಸರಿಮಾಡಿಕೊಂಡರು. “ಹುಡುಗಿಗಾ, ಗೋಡೆಗಾ?”

“ಗೋಡೆ ಚಿತ್ತಾರಕ್ಕೆ.”

“ಗೋಡೆಗೆ ಐದು ಹಾಕು. ಹುಡುಗಿದು ಒಂದು ವರ್ಷ ಬಿಟ್ಟು ಬಾ, ಹೇಳ್ತೀನಿ.”

ಆ ಗೋಡೆಗೆ ಸಿಕ್ಕ ಐದರಲ್ಲಿ ನಮ್ಮ ದೊಡ್ಡಮ್ಮನ ಪಾಲೂ ಇತ್ತು. ದೊಡ್ಡಮ್ಮ ಎಂದರೆ ಚಿಕ್ಕಮ್ಮನ ವಾರಗಿತ್ತಿ, ಎರಡು ಮನೆ ಆಚೆ ಇರುವವರು. ಮದುವೆಯಾಗಿ ಬಂದ ಹೊಸದರಲ್ಲಿ ಚಿಕ್ಕಮ್ಮನ ಕೈ ಹಿಡಿದು ಮೊದಲ ಗೆರೆ ಎಳೆಸಿದವರು ಇವರೇ. ಈಗ ಅವರ ಕೈ ನಡುಗುತ್ತದೆ. ಕುಂಚ ಬಿಟ್ಟು ಪಕ್ಕದಲ್ಲಿ ಕೂತು ಹಸೆ ಹಾಡು ಹೇಳುತ್ತಾರೆ. ಹೇಳುವುದೆಂದರೆ ಹೇಗೆ! ಕಣ್ಣು ಚಿಕ್ಕಮ್ಮನ ಕೈ ಮೇಲೆಯೇ ಇರುತ್ತದೆ. ಗೆರೆ ಎಷ್ಟು ಉದ್ದವೋ ಹಾಡಿನ ಸಾಲನ್ನೂ ಅಷ್ಟೇ ಉದ್ದ ಎಳೆಯುತ್ತಾರೆ. ಕುಂಚ ಅದ್ದುವಾಗ ಹಾಡು ನಿಂತು ಕಾಯುತ್ತದೆ. ಮತ್ತೆ ಗೋಡೆ ಮುಟ್ಟಿದರೆ ಮುಂದಿನ ಸಾಲು. ಕೈ ನಡುಗತೊಡಗಿದಾಗಿನಿಂದ ಹೀಗೇ ನಡೆದುಬಂದಿತ್ತು. ಅದನ್ನು ಕೆಡಿಸಿದ್ದು ಒಂದು ಪುಟ.

ಕೊನೆಯ ವರ್ಷಕ್ಕೆ ಉದ್ಯಮ ಯೋಜನೆ ಬರೆದುಕೊಡಬೇಕಿತ್ತು. ಅದರಲ್ಲಿ ‘ನಿಮ್ಮ ಪ್ರತಿಸ್ಪರ್ಧಿ ಯಾರು? ಅವರ ಶಕ್ತಿ, ದೌರ್ಬಲ್ಯಗಳೇನು?’ ಎಂಬ ಪುಟ. ಚಿಕ್ಕಮ್ಮ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಊರಿನವರನ್ನೆಲ್ಲ ಬೆರಳಲ್ಲಿ ಎಣಿಸಿದರು.

“ನಮ್ಮೂರಲ್ಲಿ ಚಿತ್ತಾರ ಗೊತ್ತಿರೋರು ನಾನು ಬಿಟ್ರೆ ಅಕ್ಕ ಒಬ್ರೇ. ಅಕ್ಕನ ಹೆಸ್ರೇ ಹಾಕು.”

“ಖಾಲಿ ಬಿಡಣ ಚಿಕ್ಕಮ್ಮ.”

“ಖಾಲಿ ಬಿಟ್ರೆ ಮಾರ್ಕ್ಸ್ ಇಲ್ಲ ಅಂದಿದಾರೆ. ಶಕ್ತಿ, ನೂರಾರು ಹಾಡು ಬಾಯಲ್ಲೇ ಇದೆ. ದೌರ್ಬಲ್ಯ, ಕೈ ನಡುಗ್ತದೆ. ಇದ್ದಿದ್ದು ಇದ್ದಂಗೆ ಬರಿ ಮಾರಾಯ.”

ಬರೆದೆ. ಕಾಲೇಜಿಗೊಂದು, ಮನೆಗೊಂದು ಎಂದು ಎರಡು ಪ್ರತಿ ಅಚ್ಚು ಹಾಕಿದೆ. ಬೆರಳು ನನ್ನದೇ, ಈಗ ಯಾರನ್ನು ಬೈಯಲಿ? ಆ ಸಂಜೆ ಚಿಕ್ಕಪ್ಪ ಹೆಂಡತಿಯ ವಿದ್ವತ್ತಿನ ಮೇಲೆ ಅಭಿಮಾನ ಉಕ್ಕಿ, ಕಾಫಿಗೆ ಬಂದಿದ್ದ ದೊಡ್ಡಮ್ಮನ ಎದುರೇ ಆ ಪುಟವನ್ನು ಗಟ್ಟಿಯಾಗಿ ಓದಿದರು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡರು. ಕಾಫಿಯನ್ನೂ ಪೂರ್ತಿ ಕುಡಿದರು. “ಆ ಹಾಳೆ ಇತ್ಲಗೆ ಕೊಡು” ಎಂದು ಇಸಕೊಂಡು, ಮಡಿಸಿ, ಎದ್ದು ಹೋದರು. ಆಮೇಲೆ ಒಂದು ತಿಂಗಳು ಆ ಮನೆ ಮೆಟ್ಟಿಲು ಹತ್ತಲಿಲ್ಲ.

ಹಾಡು ನಿಂತ ಮೇಲೆ ಚಿಕ್ಕಮ್ಮನ ಗೆರೆಯೂ ಕೆಟ್ಟಿತು. ಕೊನೆಯ ಪರೀಕ್ಷೆಯಲ್ಲಿ ಪರೀಕ್ಷಕರ ಎದುರೇ ಚಿತ್ತಾರ ಬರೆದು ತೋರಿಸಬೇಕಿತ್ತು. ಅದಿಲ್ಲದಿದ್ದರೆ ಎರಡು ವರ್ಷದ ಓದಿನಲ್ಲಿ ಉಳಿಯುವುದು ಬಸ್ ಚಾರ್ಜಿನ ಖರ್ಚು ಮಾತ್ರ. ಅಂಥದ್ದರಲ್ಲಿ ಅವರ ಅಭ್ಯಾಸದ ಹಲಗೆಗಳು ನಮ್ಮ ಕಡೆಯ ಘಾಟಿ ರಸ್ತೆಯ ನಕಾಶೆಯಂತೆ ಕಾಣತೊಡಗಿದವು. ಮೊಬೈಲಿನಲ್ಲಿ ಯಾರದೋ ಹಾಡು ಹಾಕಿಕೊಂಡು ನೋಡಿದರು. ಆ ಹಾಡು ಕುಂಚ ಅದ್ದುವವರೆಗೆ ಕಾಯುವುದಿಲ್ಲ! ಅದನ್ನು ಹಿಡಿಯಲು ಹೋಗಿ ಅಕ್ಕಿ ಹಿಟ್ಟಿನ ಬಟ್ಟಲನ್ನೇ ಒದ್ದರು.

ಹೋಗಿ ‘ತಪ್ಪಾಯ್ತು ಅಕ್ಕ’ ಎನ್ನಬಾರದೆ? ಅನ್ನಲಿಲ್ಲ. ಕೋರ್ಸಿನಲ್ಲಿ ಕಲಿತ ಪ್ರಕಾರ ‘ಪಾಲುದಾರಿಕೆ ಪ್ರಸ್ತಾವ’ ಎಂದು ಒಂದೂವರೆ ಪುಟದ ಪತ್ರ ಟೈಪ್ ಮಾಡಿಸಿ, ನನ್ನ ಕೈಯಲ್ಲಿ ಕಳಿಸಿದರು.

“ಎಂತ ಬರ್ದಿದೆ ಇದ್ರಲ್ಲಿ?” ದೊಡ್ಡಮ್ಮ ಕೇಳಿದರು. ಕೂಡಿಸಿ ಓದುವುದು ಅವರಿಗೆ ಕಷ್ಟ.

“ನೀವು ಪಾಲುದಾರರಾಗ್ಬೇಕಂತೆ ದೊಡ್ಡಮ್ಮ. ಪರೀಕ್ಷೆ ಶನಿವಾರ.”

“ಇಷ್ಟು ಹೇಳಕ್ಕೆ ಅವ್ಳಿಗೆ ಬಾಯಿಲ್ವಾ? ಎರಡು ಮನೆ ದಾಟಿದ್ರೆ ಆಗ್ತಿತ್ತಲ್ಲ. ನೀ ಹೋಗು ಮಗ.”

ಶನಿವಾರ ಅಂಗಡಿ ಮುಚ್ಚಿ, ಹಲಗೆ ಹೊತ್ತುಕೊಂಡು ನಾನೂ ಸಾಗರಕ್ಕೆ ಹೋದೆ. ಪರೀಕ್ಷಕಿ ಚಿಕ್ಕ ವಯಸ್ಸಿನ ಮೇಡಂ, ಒಳ್ಳೆಯವರೇ. “ಶುರು ಮಾಡಿ ಅಮ್ಮ” ಎಂದರು. ಚಿಕ್ಕಮ್ಮ ಕುಂಚ ಇಟ್ಟರು. ಗೆರೆ ಸೊಟ್ಟಗಾಯಿತು. ಒರೆಸಿದರು. ಮತ್ತೆ ಇಟ್ಟರು, ಮತ್ತೆ ಸೊಟ್ಟ. ಊರನ್ನೆಲ್ಲ ವಿಚಾರಣೆ ಮಾಡಿದ ಹೆಂಗಸಿನ ಹಣೆಯಲ್ಲಿ ಬೆವರಿಳಿಯುತ್ತಿತ್ತು.

ಆಗ ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ದೊಡ್ಡಮ್ಮ! ಮುಂದಿನ ಬಸ್ಸಿಗೆ ಒಬ್ಬರೇ ಬಂದು, ಕಾಲೇಜು ಕೇಳಿಕೊಂಡು ಮೆಟ್ಟಿಲು ಹತ್ತಿದ್ದರು. ಚಿಕ್ಕಮ್ಮನ ಮುಖ ಸಹ ನೋಡದೆ ಹಲಗೆಯ ಪಕ್ಕ ನೆಲಕ್ಕೆ ಕೂತು ಹಾಡು ಶುರು ಮಾಡಿದರು. ಗೆರೆ ಹೊರಟಿತು. ಹಲಗೆಯ ಆ ತುದಿ ಮುಟ್ಟುವವರೆಗೆ ಎಲ್ಲೂ ನಿಲ್ಲಲಿಲ್ಲ.

ಮುಗಿದ ಮೇಲೆ ಮೇಡಂ ಬೆಲೆ ಕೇಳಿದರು. ಮದುವೆ ಮನೆಯಲ್ಲಿ ಹಸೆ ಬರೆದವರಿಗೆ ತೆಂಗಿನಕಾಯಿ, ರವಿಕೆ ಕಣ ಕೊಡುವುದು ನಮ್ಮಲ್ಲಿನ ರೂಢಿ. ಪುಸ್ತಕದ ಲೆಕ್ಕವನ್ನೆಲ್ಲ ಗಿಣಿಪಾಠ ಮಾಡಿದ್ದ ಚಿಕ್ಕಮ್ಮ ಹೇಳಿದ್ದು ಇಷ್ಟು:

“ಎರಡು ಕಣ ಮೇಡಂ. ಯೋಜನೇಲಿ ಒಂದೇ ಬರ್ದಿದ್ದೆ. ಹಾಡಿದವ್ರದ್ದು ಬಿಟ್ಟೋಗಿತ್ತು.”

“ನಿಮ್ಮ ಪ್ರತಿಸ್ಪರ್ಧಿ ಅಂತ ಬರೆದಿದ್ದೀರಲ್ಲ, ಅವರು ಯಾರು?”

“ಇವ್ರೇ. ಇವ್ರ ಗೆರೆಗೆ ನಾನು ಇನ್ನೂ ಸಾಟಿ ಆಗಿಲ್ಲ.”

ಬೆಲೆಯ ಪ್ರಶ್ನೆಗೆ ಅಂಕ ಕಡಿಮೆಯೇ ಬಂತು. ಚಿಕ್ಕಮ್ಮ ಪಾಸಾದರು. ಆದರೆ ಅದೆಲ್ಲ ಗೊತ್ತಾದದ್ದು ಆಮೇಲೆ.

ಆ ದಿನ ವಾಪಸು ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು, ಅವರಿಬ್ಬರೂ ಇನ್ನೂ ಮಾತು ಬಿಟ್ಟಂತೆಯೇ. ದೊಡ್ಡಮ್ಮ ಎಲೆಯಡಿಕೆ ಚೀಲ ಬಿಚ್ಚಿದಾಗ ಅದರೊಳಗೆ ಆ ಹಾಳೆ ಕಂಡಿತು. ಮಡಿಕೆಯಲ್ಲಿ ಸುಣ್ಣದ ಕಲೆ.

“ಇದನ್ನ ಇನ್ನೂ ಇಟ್ಕಂಡಿದ್ರಾ ದೊಡ್ಡಮ್ಮ?”

“ಓಟಿನ ಪಟ್ಟಿ, ರೇಶನ್ ಕಾರ್ಡ್ ಬಿಟ್ರೆ ನನ್ನ ಹೆಸ್ರು ಎಲ್ಲೂ ಅಚ್ಚಾಗಿರ್ಲಿಲ್ಲ ಮಗ. ಚಿತ್ತಾರದ ಜೊತೆ ಯಾರೂ ಬರ್ದಿರ್ಲಿಲ್ಲ. ಓದು, ಮತ್ತೊಂದ್ಸಲ ಕೇಳ್ತೀನಿ.”

ಹೆಸರು ಓದಿದೆ. ನೂರಾರು ಹಾಡು ಬಾಯಲ್ಲೇ ಇದೆ ಎಂಬುದನ್ನು ಓದಿದೆ. ಅಲ್ಲಿಗೆ ಹಾಳೆ ಮಡಿಸಿದೆ.

“ಕೆಳಗಿಂದೂ ಓದು. ಇದ್ದಿದ್ದು ಇದ್ದಂಗೆ ಓದು.”

‘ಕೈ ನಡುಗುತ್ತದೆ’ ಎಂದು ಓದಿದೆ. ಚಿಕ್ಕಮ್ಮ ಕಿಟಕಿಯ ಕಡೆಯಿಂದ ತಿರುಗಿದರು. ದೊಡ್ಡಮ್ಮನ ಆ ಕೈಯನ್ನು ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಹೊಸನಗರ ಬರುವವರೆಗೂ ಬಿಡಲಿಲ್ಲ.