ಹಲ್ಲಿನ ಹಿಂದೆ ಹೋದವನು

ನನಗೊಂದು ಚಟವಿದೆ. ಕುಡಿತವಲ್ಲ, ಇಸ್ಪೀಟಲ್ಲ. ಅದಾಗಿದ್ದರೆ ಹೆಂಡತಿ ಶಾಲಿನಿ ಬಿಡಿಸಲು ಯಾವುದಾದರೂ ದೇವರಿಗೆ ಹರಕೆ ಹೊರುತ್ತಿದ್ದಳು. ನನ್ನದು ಪಾರ್ಸೆಲ್ ಎಲ್ಲಿಗೆ ಬಂತೆಂದು ಮೊಬೈಲಿನಲ್ಲಿ ನೋಡುವ ಚಟ. ವಸ್ತು ಕೈಗೆ ಬಂದ ಮೇಲೆ ಅದರ ಮೇಲೆ ಅಷ್ಟೇನೂ ಪ್ರೀತಿ ಉಳಿಯುವುದಿಲ್ಲ. ಆದರೆ ಅದು ಬರುತ್ತಿದೆ, ಯಾವುದೋ ಊರು ದಾಟಿತು, ಇನ್ನೊಂದು ಊರಿನಲ್ಲಿ ಮಲಗಿದೆ ಎಂದು ತಿಳಿಯುವುದರಲ್ಲಿ ಒಂದು ಸುಖವಿದೆ. ಕಾರವಾರದ ಹಬ್ಬುವಾಡದಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಐದು ತೆಂಗಿನ ಮರಗಳಿವೆ. ಕಾಯಿ ತುರಿದು ಉಳಿದ ಗರಟೆಯನ್ನು ಬಚ್ಚಲ ಒಲೆಗೆ ಹಾಕಿಯೇ ನಾವು ನೀರು ಕಾಯಿಸುವುದು. ಅಂಥ ಮನೆಗೆ ನಾನು ದೆಹಲಿಯಿಂದ ಗರಟೆಯ ಬಟ್ಟಲು ತರಿಸಿದೆ. ಶಾಲಿನಿ ಅದನ್ನು ತಿರುಗಿಸಿ ನೋಡಿ, "ಮುಂದಿನ ಸಲ ಸಮುದ್ರದ ನೀರು ತರಿಸಿ, ಕಾರವಾರದಲ್ಲಿ ಸಿಗುವುದಿಲ್ಲ" ಎಂದಳು.

ಕಳೆದ ತಿಂಗಳು ಅಂಕೋಲೆ ತಾಲೂಕಿನ ಹಿಲ್ಲೂರಿನಲ್ಲಿ ನನ್ನ ಅಕ್ಕನ ಮಗಳು ಸವಿತಾಳ ನಿಶ್ಚಿತಾರ್ಥವಿತ್ತು. ನಮ್ಮ ಜೊತೆಗಿರುವ ಅವ್ವ ಒಂದು ವಾರ ಮೊದಲೇ ಮಗಳ ಮನೆಗೆ ಹೋಗಿ ಕುಳಿತಿದ್ದಳು. ನಾನು ಸೋದರಮಾವ, ನಾನೂ ಎರಡು ದಿನ ಮೊದಲು ಹೋಗಬೇಕಾದದ್ದು ಪದ್ಧತಿ. ಆದರೆ ಮೊದಲೇ ಹೋದ ಸೋದರಮಾವನ ಗತಿ ಏನೆಂದು ನನಗೆ ಗೊತ್ತಿದೆ. ಚಪ್ಪರಕ್ಕೆ ಕಂಬ ಹುಗಿ, ಹಂಡೆ ಹೊರು, ರಾಶಿ ತೆಂಗಿನಕಾಯಿ ಮುಂದಿಟ್ಟುಕೊಂಡು ತುರಿ. ಹಾಗಾಗಿ ಆಫೀಸಿನಲ್ಲಿ ವಿಪರೀತ ಕೆಲಸವೆಂದು ಅಕ್ಕನಿಗೆ ಹೇಳಿಬಿಟ್ಟೆ. ಭಾನುವಾರ ಊಟದ ಹೊತ್ತಿಗೆ ಬರುತ್ತೇನೆ, ಬೇಕಾದ್ದನ್ನೆಲ್ಲ ಆನ್‌ಲೈನಿನಲ್ಲಿ ಕಳಿಸುತ್ತೇನೆ ಎಂದೆ. ಬಣ್ಣದ ದೀಪದ ಸರ ಕಳಿಸಿದೆ. ಕರೆಂಟಿನಿಂದ ಕಾಯಿ ತುರಿಯುವ ಯಂತ್ರವನ್ನೂ ಆರ್ಡರ್ ಮಾಡಿದೆ. ಅಷ್ಟು ಮಾಡಿದ ಮೇಲೆ ನನ್ನ ಮನಸ್ಸಾಕ್ಷಿ ಕಾಲು ಚಾಚಿ ಮಲಗಿತು.

ಸೋಮವಾರ ಬೆಳಿಗ್ಗೆ ಅವ್ವನ ಫೋನು. "ತಮಾ, ನನ್ನ ಹಲ್ಲಿನ ಸೆಟ್ಟು ಅಲ್ಲೇ ಉಳ್ದದೆ. ದೇವರ ಕೋಣೆ ಕಿಟಕಿಲಿ ನೋಡು. ನೀನೇ ತಕಂಡ್ ಬಾ."

ಅವ್ವ ಹಲ್ಲು ಬಿಟ್ಟು ಹೋಗುವವಳಲ್ಲ. ಹಲ್ಲು ಕಟ್ಟಿಸಿಕೊಂಡ ದಿನದಿಂದ ಪಕ್ಕದ ಮನೆಗೆ ಸೊಪ್ಪು ಕೇಳಲು ಹೋಗುವಾಗಲೂ ಹಾಕಿಕೊಂಡೇ ಹೋಗುತ್ತಾಳೆ. ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡೆ. ಮೊಮ್ಮಗಳ ನಿಶ್ಚಿತಾರ್ಥದಲ್ಲಿ ಬೀಗರ ಎದುರು ಬೊಚ್ಚುಬಾಯಲ್ಲಿ ಕೂರುವುದಿಲ್ಲ, ಹಲ್ಲು ಬಾರದಿದ್ದರೆ ಅಡುಗೆಮನೆಯಿಂದ ಹೊರಗೇ ಬರುವುದಿಲ್ಲ ಎಂದು ಅವ್ವ ಖಡಾಖಂಡಿತ ಹೇಳಿದಳು. ಅಲ್ಲಿಯವರೆಗೆ ಅವಳಿಗೆ ಗಂಜಿಯೇ ಗತಿ.

"ನೀನೇನೂ ಚಿಂತೆ ಮಾಡಬೇಡ, ಕೊರಿಯರ್ ಮಾಡ್ತೆ. ಎಲ್ಲಿದೆ ಅಂತ ಗಳಿಗೆ ಗಳಿಗೆಗೆ ಹೇಳ್ತೆ" ಎಂದೆ. "ಕೊರಿಯರಾ?" ಎಂದು ಅವ್ವ ಎರಡೆರಡು ಸಲ ಕೇಳಿದಳು. ತಂತ್ರಜ್ಞಾನಕ್ಕೆ ಬೆರಗಾದಳು ಎಂದು ನಾನು ತಿಳಿದೆ.

ಶಾಲಿನಿ ಮಾತ್ರ, "ಬಸ್ಸಿನ ಡ್ರೈವರ್ ಕೈಲಿ ಕೊಟ್ಟರೆ ಮಧ್ಯಾಹ್ನಕ್ಕೆ ಮುಟ್ಟುತ್ತದಲ್ಲ?" ಎಂದಳು. ನಮ್ಮ ಕಡೆ ಇದು ಅಜ್ಜನ ಕಾಲದಿಂದ ನಡೆದುಬಂದದ್ದು. ಮರೆತ ಛತ್ರಿ, ಮಾತ್ರೆ, ಉಪ್ಪಿನಕಾಯಿಯ ಭರಣಿ ಎಲ್ಲವೂ ಬಸ್ಸಿನ ಎಂಜಿನ್ನಿನ ಪಕ್ಕ ಕೂತು ಊರು ಸೇರುತ್ತವೆ. ಆದರೆ ಅದಕ್ಕೆ ರಸೀದಿ ಇಲ್ಲ, ನಂಬರಿಲ್ಲ, ಮೊಬೈಲಿನಲ್ಲಿ ನೋಡಲಿಕ್ಕೇನೂ ಇಲ್ಲ. ಅವ್ವನ ಹಲ್ಲನ್ನು ಹಾಗೆಲ್ಲ ಅನಾಥವಾಗಿ ಕಳಿಸುವುದೇ? ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಕೊರಿಯರಿಗೆ ಕೊಟ್ಟು ಬಂದೆ.

ಮಂಗಳವಾರ ನೋಡುತ್ತೇನೆ, ಹಲ್ಲು ಹುಬ್ಬಳ್ಳಿಯಲ್ಲಿದೆ! ಕಾರವಾರದಿಂದ ಅಂಕೋಲೆಗೆ ಹೋಗಬೇಕಾದ ಡಬ್ಬಿ ಘಟ್ಟ ಹತ್ತಿ ಹುಬ್ಬಳ್ಳಿಗೆ ಯಾಕೆ ಹೋಯಿತೆಂದು ವಿಚಾರಿಸಿದರೆ, ಎಲ್ಲ ಪಾರ್ಸೆಲ್ಲೂ ಅಲ್ಲಿಗೆ ಹೋಗಿಯೇ ಬರಬೇಕಂತೆ. ನನ್ನವ್ವ ಹುಬ್ಬಳ್ಳಿ ನೋಡಿದವಳಲ್ಲ. ಅವಳ ಹಲ್ಲು ನೋಡಿತು. ಬುಧವಾರವೂ ಅಲ್ಲೇ, ಗುರುವಾರವೂ ಅಲ್ಲೇ. ಆಫೀಸಿನಲ್ಲಿ ಫೈಲು ತೆರೆದಿಟ್ಟು ಮೊಬೈಲು ನೋಡುತ್ತ ಕೂತೆ. ವಿಪರೀತ ಕೆಲಸ ಎಂದಿದ್ದೆನಲ್ಲ, ಕೊನೆಗೂ ಅದು ನಿಜವಾಯಿತು. ಅಕ್ಕ ದಿನಾ ಸಂಜೆ ಫೋನು ಮಾಡಿ, "ಹುರಿದ ಬಂಗಡೆ ಎದುರಿಗಿಟ್ಟರೆ ಅವ್ವ ಮುಖ ತಿರುಗಿಸ್ತದೆ ಮಾರಾಯಾ" ಎನ್ನುತ್ತಿದ್ದಳು. ನನಗೂ ಮೀನು ರುಚಿಸದಾಯಿತು.

ಶನಿವಾರ ಬೆಳಿಗ್ಗೆ ಅಂಕೋಲೆಯ ಕೊರಿಯರಿನವರು ಫೋನು ಮಾಡಿದರು. ಮೀನುಗಾರರ ಊರಾದ ಕೇಣಿಯವರಂತೆ, ದನಿ ಕೇಳಿದರೆ ನಡುವಯಸ್ಸು. ಹಿಲ್ಲೂರಿನ ಕಡೆ ಅವರ ಗಾಡಿ ಹೋಗುವುದು ಇನ್ನು ಸೋಮವಾರವೇ.

"ಸರ್, ಒಳಗೆ ಎಂತದು?"

"ಹಲ್ಲು" ಎಂದೆ.

"ಯಾರದು?"

"ನಮ್ಮವ್ವಂದು. ನಾಳೆ ಮೊಮ್ಮಗಳ ನಿಶ್ಚಿತಾರ್ಥ."

"ಈಗ ಊಟಕ್ಕೆ ಎಂತಾ ಮಾಡ್ತ್ರು?"

"ವಾರದಿಂದ ಗಂಜಿ."

"ಅಂದ್ರೆ ಮೀನಿಲ್ಲ?" ಕೇಣಿಯ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಕಷ್ಟ ಹೇಳಬೇಕಾಗಿರಲಿಲ್ಲ. "ಹಿಲ್ಲೂರು ಬಸ್ಸಿನ ಡ್ರೈವರು ನನ್ನ ಗುರ್ತದವ. ಅವನ ಕೈಲಿ ಕೊಡ್ತೆ, ಆಗೂದಾ? ನಿಮ್ಮ ಮೊಬೈಲಿಗೆ ಬಂದ ಒಟಿಪಿ ಒಂದು ಹೇಳಿ."

ಹೇಳಿದೆ. ಮರುಕ್ಷಣವೇ 'ಪಾರ್ಸೆಲ್ ತಲುಪಿದೆ' ಎಂದು ಮೊಬೈಲು ಘೋಷಿಸಿತು. ಹಲ್ಲು ಇನ್ನೂ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿತ್ತು. ನಾನು ಆರು ದಿನ ಕಣ್ಣಿಟ್ಟು ಕಾದ ಮೇಲೆ, ಶಾಲಿನಿ ಸೋಮವಾರವೇ ತೋರಿಸಿದ ದಾರಿಗೆ ಅದು ಬಂದು ನಿಂತಿತ್ತು.

ಮಧ್ಯಾಹ್ನ ಅವ್ವನ ಫೋನು. ಒಂದೊಂದು ಅಕ್ಷರವೂ ಕಲ್ಲಿನ ಮೇಲೆ ಕೆತ್ತಿದ ಹಾಗಿತ್ತು.

"ಹಲ್ಲು ಬಂತು. ನೀನು ಎಲ್ಲಿದ್ದೆ?"

"ಮನೇಲಿ ಅವ್ವಾ."

"ಹಲ್ಲು ಮರ್ತ್ ಬಂದದ್ದಲ್ಲ ತಮಾ, ಇಟ್ಟೇ ಬಂದದ್ದು. ಅದನ್ನ ಕೊಡೂಕಾದ್ರೂ ನೀ ಮುಂಚೆ ಬತ್ತೆ ಅಂದ್ಕಂಡೆ. ಸೋದರಮಾವ ಅಂದ್ರೆ ಊಟದ ಹೊತ್ತಿಗೆ ಬರೂ ನೆಂಟ ಅಲ್ಲ. ಆ ಹುಡುಗಿ ಮಾವ ಬಂದ್ನಾ, ಮಾವ ಬಂದ್ನಾ ಅಂತ ಕೇಳ್ತಾನೇ ಅದೆ."

ಫೋನಿಟ್ಟಳು. ನನಗೆ ನಾಚಿಕೆಯಾಯಿತು. ಬಂಗಡೆ ಇಷ್ಟಪಡುವ ಹೆಂಗಸು ನನಗಾಗಿ ಆರು ದಿನ ಗಂಜಿ ಕುಡಿದಿದ್ದಳು, ನಾನು ಅವಳಿಗೆ ಹುಬ್ಬಳ್ಳಿಯ ಸುದ್ದಿ ಹೇಳುತ್ತಿದ್ದೆ. ಶಾಲಿನಿ ಆಗಲೇ ಚೀಲ ತುಂಬುತ್ತಿದ್ದಳು.

ಸಂಜೆ ಅಂಕೋಲೆಯಲ್ಲಿ ಹಿಲ್ಲೂರಿನ ಬಸ್ಸು ಹತ್ತಿ ಎಂಜಿನ್ನಿನ ಪಕ್ಕದಲ್ಲೇ ಕೂತೆವು. ಹಲ್ಲಿನ ಮನೆಯವನು ನಾನೇ ಎಂದಾಗ ಡ್ರೈವರು ನಕ್ಕರು. "ನಿಮ್ಮವ್ವನೇ ಸ್ಟಾಪಿಗೆ ಬಂದಿದ್ರು. ಡಬ್ಬಿ ತಕಂಡ್ರು. ಮತ್ತೆ ಬಸ್ಸಿನ ಒಳಗೆ ಎರಡೆರಡು ಸಲ ಇಣುಕಿ ನೋಡಿದ್ರು, ಇನ್ಯಾರಾದ್ರೂ ಇಳೂದುಂಟಾ ಅಂತ."

ನಾವು ಇಳಿದಾಗಲೂ ಅವ್ವ ಸ್ಟಾಪಿನಲ್ಲಿದ್ದಳು, ಜೊತೆಗೆ ಸವಿತಾ. ಅವ್ವ ಬಾಯಿ ತುಂಬ ನಕ್ಕು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಡಬ್ಬಿಗೆ ಪೆಟ್ಟು ಬಿದ್ದಿದೆಯೋ ಎಂದು ನೋಡುವ ಹಾಗೆ. ಮನೆಯಂಗಳದಲ್ಲಿ ಸುಲಿದ ತೆಂಗಿನಕಾಯಿಯ ರಾಶಿ, ಅದರ ಪಕ್ಕ ಕಾಯಿ ತುರಿಯುವ ಮಣೆ.

"ಯಂತ್ರ ಆರ್ಡರ್ ಮಾಡಿದ್ದೆನಲ್ಲ ಅವ್ವಾ, ಮಂಗಳವಾರ ಬರುತ್ತದೆ" ಎಂದೆ.

"ಬರ್ಲಿ. ಅಷ್ಟರವರೆಗೆ ಬಂದದ್ದು ಕೆಲಸ ಮಾಡ್ಲಿ" ಎಂದು ಅವ್ವ ಮಣೆಯನ್ನು ನನ್ನ ಕಡೆ ಸರಿಸಿದಳು.